ಬೆಳಕಿಗೆ ನಿಂತವಳು

ಕೌಲೂನಿನ ಸ್ಟುಡಿಯೋದಲ್ಲಿ ತೀತಿ ನತೇರ್ಸಿಯಾಳ ಕೆಲಸ
ನಿಲ್ಲುವುದು.
ನೆಲದ ಮೇಲೆ ಸೀಮೆಸುಣ್ಣದ ಗುರುತು, ಅದರ ಮೇಲೆ ಎರಡು ಪಾದ,
ದೀಪದವರ ಲೆಕ್ಕ ಮುಗಿಯುವತನಕ.
ಒಬ್ಬಾತ ಮೀಟರನ್ನು ಕೆನ್ನೆಯ ಬಳಿ ತಂದು ಹಿಡಿಯುತ್ತಿದ್ದ
ಜ್ವರ ನೋಡುವವನ ಹಾಗೆ.
ಅಂಕಿ ಕೂಗುತ್ತಿದ್ದ. ಇನ್ನೊಬ್ಬ ಬರೆದುಕೊಳ್ಳುತ್ತಿದ್ದ.
ಸಾಕು ಅಂದರೆ ತೀತಿ ಪಕ್ಕಕ್ಕೆ,
ಅವಳು ಬೆಚ್ಚಗೆ ಮಾಡಿಟ್ಟ ಜಾಗಕ್ಕೆ ನಾಯಕಿ.

ತೀತಿ ಅಂದರೆ ಚಿಕ್ಕಮ್ಮ,
ಮಕಾವಿನ ನಮ್ಮ ಹರಕುಮುರುಕು ಪೋರ್ಚುಗೀಸಿನಲ್ಲಿ.
ದಿನಕ್ಕೆ ಹತ್ತು ಡಾಲರು, ಮಧ್ಯಾಹ್ನ ಒಂದು ಬಟ್ಟಲು ಗಂಜಿ.

ನಾಯಕಿ ವಿಮಾನದಲ್ಲಿ ಬಂದಿಳಿದವಳು.
ಜೋಳದ ಕೂದಲಿಗೆ ಕಪ್ಪು ಬಳಿದು, ಕಣ್ಣ ತುದಿಗೆ
ಅಂಟಿನ ಪಟ್ಟಿ ಎಳೆದು ಕಟ್ಟಿ,
ಅವಳನ್ನು ತೀತಿಯಂತೆ ಮಾಡಲು
ದಿನಾ ಬೆಳಿಗ್ಗೆ ಎರಡು ಗಂಟೆ ಹಿಡಿಯುತ್ತಿತ್ತು.
ಎಷ್ಟೆಳೆದರೆ ಅರ್ಧ?
ಮೇಕಪ್ಪಿನವನಿಗೆ ಅದೇ ತೊಡಕು.
ಜಗ್ಗಿದರೆ ಪೂರಾ ಚೀನಾ, ಸಡಿಲಬಿಟ್ಟರೆ ಪೂರಾ ಬಿಳಿ.
ಕಡೆಗೆ ತೀತಿಯನ್ನೇ ಎದುರು ಕೂರಿಸಿಕೊಂಡ,
ದರ್ಜಿ ಅಳತೆಗೆ ಇಟ್ಟುಕೊಳ್ಳುವ
ಹಳೆಯ ರವಿಕೆಯ ಹಾಗೆ.

ಅಂಟು ತಾಗಿ ನಾಯಕಿಗೆ ಹುಣ್ಣಾಯಿತು.
ಮುಲಾಮು ತಂದುಕೊಟ್ಟವಳು ತೀತಿ.
'ಪಾಪ, ಒಳ್ಳೆ ಹುಡುಗಿ, ರಾತ್ರಿ ಫೋನಿನಲ್ಲಿ ಅಳುತ್ತಿದ್ದಳು'
ಎಂದು ಹೇಳುವಾಗ ಅವಳಲ್ಲಿ ಸಿಟ್ಟಿರಲಿಲ್ಲ.
ಸಿಟ್ಟು ನನ್ನದು. ನಲವತ್ತು ವರ್ಷ ತಡವಾಗಿ,
ಲಿಸ್ಬನ್ನಿನ ಬಾಡಿಗೆ ಕೋಣೆಯಲ್ಲಿ, ಹೀಟರಿನ ಪಕ್ಕ ಕೂತು.

ಕತೆ ಇಷ್ಟು: ಅವಳಿಗೊಂದು ಹೂವಿನ ಹೆಸರು
(ನಮ್ಮಂಥವರಿಗೆ ಸಿನಿಮಾದಲ್ಲಿ ಹೂವಿನ ಹೆಸರೇ),
ಅವನೊಬ್ಬ ಬಿಳಿಯ ಅಧಿಕಾರಿ.
ಮದುವೆಯಾದರೆ ಎರಡು ಕಡೆಗೂ ಮುಜುಗರ.
ಆದ್ದರಿಂದ ಕೊನೆಯ ರೀಲಿಗೆ ಮೊದಲು ಅವಳು ಸಾಯಬೇಕು.
ಸಾಯುವ ಮುನ್ನ ಹೇಳಬೇಕು:
'ನನ್ನ ರಕ್ತದಲ್ಲಿ ಎರಡು ಕಡಲು ಕಾದಾಡುತ್ತಿವೆ.'

ಆ ಮಾತಿಗೆ ತೀತಿ ಸೆಟ್ಟಿನಲ್ಲೇ ನಕ್ಕು
ಬೈಸಿಕೊಂಡಳಂತೆ.
ನಮ್ಮ ಮನೆಯಲ್ಲಿ ಕಾದಾಟವಿದ್ದದ್ದು
ಕೊಚ್ಚಿದ ಮಾಂಸಕ್ಕೆ ಸೋಯಾ ಎಷ್ಟು ಸುರಿಯಬೇಕು ಎಂಬುದಕ್ಕೆ,
ಒಂದೇ ಕಕ್ಕಸಿಗೆ ಒಂಬತ್ತು ಜನ ಎಂಬುದಕ್ಕೆ.
ಅಜ್ಜಿ ಜಪಸರ ಎಣಿಸುತ್ತಲೇ
ಹಿರಿಯರ ಗೋರಿಗೆ ಊದುಬತ್ತಿ ಹಚ್ಚುತ್ತಿದ್ದಳು.
ಯಾವ ಕಡಲೂ ಏನೂ ಅನ್ನಲಿಲ್ಲ.

ಸಾಯುವ ದಿನ ಬಂತು. ಜನವರಿ, ಬಂದರಿನ ನೀರು ಕೊರೆಯುತ್ತಿತ್ತು.
ನಾಯಕಿ ಇಳಿಯುವಂತಿಲ್ಲ,
ನೆಂದರೆ ಕಣ್ಣು ಕಳಚಿಬೀಳುತ್ತವೆ.
ತೀತಿಯನ್ನು ಕರೆದರು.
ಬೆನ್ನು ಮಾತ್ರ ಸಾಕು, ಮುಖ ಬೇಡ.
ಕೊಲೋವಾನಿನ ಕಪ್ಪು ಮರಳಲ್ಲಿ ಈಜು ಕಲಿತವಳು,
'ಈಜು ಬಲ್ಲವಳಿಗೆ ಮುಳುಗುವುದೇ ಕಷ್ಟ,
ಮೈ ಒಪ್ಪುವುದಿಲ್ಲ ಕಣೇ' ಅನ್ನುತ್ತಿದ್ದಳು.
ಎರಡು ಸಲ ಬೇಗ ತೇಲಿಬಂದಳು. ಮೂರನೆಯದು ಸರಿಹೋಯಿತು.
ಆಮೇಲೆ ಬ್ರಾಂಡಿ ಕೊಟ್ಟರು, ಐದು ಡಾಲರು ಹೆಚ್ಚಿಗೆ.

ಕಳೆದ ವಾರ ನಾನೂ ಒಂದು ಆಡಿಷನ್ನಿಗೆ ಹೋಗಿದ್ದೆ.
ಕನ್ನಡಕದ ಹುಡುಗ ತುಂಬ ವಿನಯದಿಂದ ಕೇಳಿದ,
'ಸ್ವಲ್ಪ ಇನ್ನೂ ಏಷ್ಯಾದವಳ ಹಾಗೆ ಮಾಡಬಹುದೆ?'
ಎಲ್ಲಿಂದ ಶುರುಮಾಡಲಿ ಎಂದು ಕೇಳಬೇಕಿತ್ತು.
ಕೇಳಲಿಲ್ಲ. ಹುಬ್ಬನ್ನು ಏನೋ ಮಾಡಿದೆ.
ನಾಚಿಕೆಯಾಗುತ್ತದೆ, ಏನೋ ಮಾಡಿದೆ.

ಸಿನಿಮಾ ಬಂದಾಗ ಮನೆಮಂದಿಯೆಲ್ಲ ಹೋಗಿದ್ದರಂತೆ,
ಎರಡನೇ ಸಾಲು, ಕತ್ತೆತ್ತಿ ನೋಡುವ ಅಗ್ಗದ ಕುರ್ಚಿ.
ಒಂದೂವರೆ ಗಂಟೆ ಅಜ್ಜಿ ತೂಕಡಿಸಿದಳು.
ಆ ಹೆಂಗಸಿನ ಪ್ರೇಮ ಅವಳಿಗೆ ಬೇಕಿರಲಿಲ್ಲ.
ಕೊನೆಗೆ ಪರದೆಯ ತುಂಬ ನೀರು. ಒಂದು ಬೆನ್ನು.
ಹಿಂಗತ್ತಿನ ಮೇಲೆ, ಕೂದಲು ಸರಿದಲ್ಲಿ,
ತಾನೇ ಎಣ್ಣೆ ತಿಕ್ಕಿ ಬೆಳೆಸಿದ ಮಚ್ಚೆ.
ಅಜ್ಜಿ ಎದ್ದು ನಿಂತಳು. ಕಿರುಚಿದಳು,
'ನತೇರ್ಸಿಯಾ! ಮೇಲೆ ಬಾ! ಬಾ ಮೇಲೆ!'

ಹಿಂದಿನವರು ಬೈದರು. ಟಾರ್ಚು ಬಂತು.
ಪಕ್ಕದ ಕುರ್ಚಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ತೀತಿ
ಸೆರಗಿಲ್ಲದ ಅವಳ ಗೌನು ಹಿಡಿದು ಜಗ್ಗಿದಳು,
'ಇಲ್ಲೇ ಇದ್ದೀನಲ್ಲಮ್ಮ, ಬಂದಿದ್ದೀನಲ್ಲ.'

ಅಜ್ಜಿ ಈ ಕಡೆ ತಿರುಗಲೇ ಇಲ್ಲವಂತೆ,
ನೀರನ್ನೇ ನೋಡುತ್ತಿದ್ದಳಂತೆ.