ದವಡೆ

ರಾತ್ರಿ ಹತ್ತೂವರೆ, ಡೊಂಬಿವಲಿ. ಕರಿ ಕೋಟು ಗೂಟಕ್ಕೆ.
ಫ್ರಿಜ್ಜಿನಲ್ಲಿ, ನಿಂಬೆಹಣ್ಣಿನ ಮಗ್ಗುಲಿಗೆ
ತಣ್ಣಗೆ ಮಲಗಿರುತ್ತದೆ ಹಸಿರು ಕಲ್ಲು.

ಎರಡು ಹನಿ ಎಣ್ಣೆ. ಗದ್ದದಿಂದ ಕಿವಿಯವರೆಗೆ
ಮೆಲ್ಲಗೆ, ಐದು ಸಲ.
ಒತ್ತಬೇಡ ಅಂದಿದ್ದಾಳೆ ವೈಜಯಂತಿ ಗುರವ,
ಕಲ್ಲು ಕೊಡಿಸಿದವಳೂ ಅವಳೇ:
‘ನಿನ್ನ ಮುಖ ನೋಡಿದರೆ
ಪಾಸು ಇದ್ದವರೂ ಹೆದರುತ್ತಾರೆ ಮಾರಾಯ್ತಿ.’

ಕಿವಿಯ ಕೆಳಗೊಂದು ಗಂಟು. ಅಲ್ಲಿ ಕೂತಿದೆ
ಇಡೀ ದಿನದ ‘ತಿಕೀಟ್ ದಾಖವಾ’.
ಇವತ್ತು ಇನ್ನೂ ಒಂದು ಹೆಚ್ಚಿಗೆ:
ಕುರ್ಲಾದಲ್ಲಿ ದಂಡ ಕಟ್ಟಲು ಆ ಹುಡುಗಿ
ಚಿಲ್ಲರೆಯನ್ನು ಎರಡೆರಡು ಸಲ ಎಣಿಸಿದ್ದು,
ನಾನು ಹಲ್ಲು ಕಚ್ಚಿ ರಸೀದಿ ಹರಿದದ್ದು.

ಅವ್ವ ಬಚ್ಚಲಲ್ಲಿ ಕೂತು
ಹಿಮ್ಮಡಿಗೆ ಕಲ್ಲು ತಿಕ್ಕುತ್ತಿದ್ದಳು
ಬಿರುಕಿನ ಮಣ್ಣು ಹೋಗುವ ತನಕ.
ನೋಡಿದ್ದರೆ ನಗುತ್ತಿದ್ದಳು:
ಮಾರಿಗೂ ಕಲ್ಲು ಬಂತೇನ, ನೀಲವ್ವಾ?
ನೀ ಕಾಲಿಂದ ದುಡಿದಿ, ಅವ್ವ.
ನನಗೆ ಪಗಾರ ಬರೋದು ಈ ಮಾರಿಗೇ.

ಎಡಕ್ಕೆ ಐದು ಮುಗಿದವು.
ಬಲಕ್ಕೆ, ಮೂರಕ್ಕೋ ನಾಲ್ಕಕ್ಕೋ
ಕಲ್ಲೇ ಬೆಚ್ಚಗಾಗಿಬಿಟ್ಟಿತು.
ತೊಳೆದು ಮತ್ತೆ ನಿಂಬೆಹಣ್ಣಿನ ಪಕ್ಕ ಇಟ್ಟೆ.

ಕನ್ನಡಿಯಲ್ಲಿ ಬಾಯಿ ತುಸು ತೆರೆದಿದೆ,
ಚಿಲ್ಲರೆಯ ಲೆಕ್ಕ ತಪ್ಪಿದವಳ ಹಾಗೆ.