ಕಣ್ಣಿರುವ ಹೋಳು

ಸೋಮವಾರ. ಐದನೇ ತರಗತಿ. ಭಿನ್ನರಾಶಿ. ನಲವತ್ತು ನಿಮಿಷ.
ಹಾಸನದ ಸಾಲಗಾಮೆ ರಸ್ತೆಯ ಬಾಡಿಗೆ ಮನೆಯಲ್ಲಿ
ಭಾನುವಾರ ರಾತ್ರಿ, ಕುಕ್ಕರಿನ ಮೂರನೇ ಕೂಗಿಗೆ ಕಾಯುತ್ತ
ಪಾಠ ಯೋಜನೆಯ ಪುಸ್ತಕಕ್ಕೆ ಗೆರೆ ಹಾಕುತ್ತೇನೆ.
ಉದ್ದೇಶ, ಸಾಮಗ್ರಿ, ಚಟುವಟಿಕೆ, ಮೌಲ್ಯಮಾಪನ.
ನಾಲ್ಕು ಕಂಬ.
ಹದಿನೇಳು ವರ್ಷದಿಂದ ಇದೇ ನಾಲ್ಕು ಕಂಬಕ್ಕೆ
ಚಪ್ಪರ ಹಾಕಿದ್ದೇನೆ. ನೆರಳು ಯಾರ ಮೇಲೆ ಬಿತ್ತು
ನೋಡಿದವಳಲ್ಲ.

ಹೋದ ವರ್ಷದ ಪುಟದಲ್ಲಿ ಒಂದು ರೊಟ್ಟಿ,
ನಾಲ್ಕು ಭಾಗ ಮಾಡಿ ಒಂದಕ್ಕೆ ಬಣ್ಣ ತುಂಬಿದ್ದು.
ಅದರ ಹಿಂದಿನ ವರ್ಷವೂ ಅದೇ ರೊಟ್ಟಿ.
ಹಳಸಿಲ್ಲ. ಯಾರೂ ತಿಂದಿಲ್ಲವಲ್ಲ.
ಪಕ್ಕದಲ್ಲಿ ಹಸಿರು ಶಾಯಿ: 'ನೋಡಿದೆ. ಉತ್ತಮ.'
ಬೋರಲಿಂಗಪ್ಪ ಹೆಡ್ಮಾಸ್ಟರ ರುಜು, ಗಾಳಿಪಟದ ಬಾಲ.

ಆ ಜೂನಿನಲ್ಲಿ ಕೇಳಿದ್ದೆ:
ಅರ್ಧ ದೊಡ್ಡದೋ, ಮೂರನೇ ಒಂದು ದೊಡ್ಡದೋ?
ಮೂವತ್ತೊಂದು ಮಕ್ಕಳು ಒಂದೇ ಉಸಿರಿಗೆ: ಅರ್ಧಾ ಮಿಸ್!
ನಾನಾಗಲೇ ನಾಲ್ಕನೇ ಕಂಬದಲ್ಲಿ
'ಸಾಧಿಸಲಾಗಿದೆ' ಎಂದು ಬರೆದೂ ಆಗಿತ್ತು.

ಮೋನಿಷಾ ಮಾತ್ರ ಬಾಯಿ ತೆರೆದಿರಲಿಲ್ಲ.
ಬಿತ್ತನೆಯ ವಾರ, ಎರಡು ದಿನ ಬಂದಿರಲಿಲ್ಲ ಅವಳು.
ಉಗುರಿನ ಸಂದಿಯಲ್ಲಿ ಇನ್ನೂ ಬೂದಿ.
'ಯಾವುದರ ಅರ್ಧ, ಮಿಸ್?'
ಯಾವುದಾದರೂ ಸರಿ, ಅಂದೆ.
'ಯಾವುದಾದ್ರೂ ಅಂದ್ರೆ ಹೆಂಗೆ?
ನಮ್ಮಜ್ಜಿ ಗಡ್ಡೆ ಕೊಯ್ವಾಗ ಅರ್ಧ ಗಿರ್ಧ ನೋಡಲ್ಲ,
ಕಣ್ಣು ನೋಡ್ತದೆ.
ದಪ್ಪಂದು ನಾಕಾಯ್ತದೆ. ಸಣ್ಣದು ಎರಡೂ ಆಗಲ್ಲ,
ಹಂಗೇ ಮಣ್ಣಿಗೆ.
ಕಣ್ಣಿಲ್ಲದ ಹೋಳು ಎಷ್ಟು ದೊಡ್ಡದಿದ್ರೂ
ಹುಳಿಗೇ ಸೈ.'

ತರಗತಿ ನಕ್ಕಿತು. ನಾನೂ ನಕ್ಕೆ, ಟೀಚರು ನಗುವ ಹಾಗೆ,
ಗಡಿಯಾರದ ಮೇಲೊಂದು ಕಣ್ಣಿಟ್ಟು.
ಅದು ಬೇಸಾಯ, ಇದು ಗಣಿತ, ಎಂದು ಬೋರ್ಡು ಒರೆಸಿದೆ.
ಅರ್ಧವಾರ್ಷಿಕ ಪರೀಕ್ಷೆಯಲ್ಲೂ ಅವಳು ಅದನ್ನೇ ಬರೆದಳು:
'ಯಾವುದರ ಅಂತ ಹೇಳಿಲ್ಲ.'
ಸೊನ್ನೆ ಕೊಟ್ಟೆ. ಕೆಂಪಗೆ, ದುಂಡಗೆ.

ಮಾರ್ಚಿನಲ್ಲಿ ಒಮ್ಮೆ, ಬಿಸಿಯೂಟದ ಕೋಣೆಯಿಂದ
ನೆಲ್ಲಿಕಾಯಿಯಷ್ಟರದ ಗಡ್ಡೆಯ ಅರ್ಧ,
ಮುಷ್ಟಿಯಷ್ಟರದರ ಮೂರನೇ ಒಂದು
ಮೇಜಿನ ಮೇಲಿಟ್ಟು ಅದೇ ಪ್ರಶ್ನೆ ಕೇಳಿದೆ.
ಮೂವತ್ತೊಂದು ಮಕ್ಕಳು ಮೇಜು ನೋಡಲಿಲ್ಲ.
ನನ್ನ ಮುಖ ನೋಡಿ ಕೂಗಿದರು: ಅರ್ಧಾ ಮಿಸ್!
ಅದು ನನ್ನದೇ ದನಿ,
ಗೋಡೆಗೆ ತಾಗಿ ವಾಪಸು ಬಂದದ್ದು.
ದುದ್ದದಿಂದ ಹಾಸನದವರೆಗೆ ಬಸ್ಸಿನಲ್ಲಿ
ಸೀಟಿದ್ದರೂ ನಿಂತೇ ಬಂದೆ ಅವತ್ತು.

ಪೀಠಿಕೆ ಹತ್ತು, ವಿವರಣೆ ಇಪ್ಪತ್ತು, ಪ್ರಶ್ನೋತ್ತರ ಹತ್ತು.
ಅಳತೆ ಸರಿಯಿದೆ, ಈಳಿಗೆ ಹರಿತವಿದೆ.
ಕೊಯ್ಯುವ ಮುನ್ನ ಒಮ್ಮೆ ಬೆರಳಾಡಿಸಿ
ಎಲ್ಲಿ ಚಿಗುರೀತು ಎಂದು
ಹುಡುಕುವುದನ್ನು ಟ್ರೇನಿಂಗಿನಲ್ಲಿ ಯಾರೂ ಹೇಳಲಿಲ್ಲ.
ಹೇಳಿದ್ದರೋ ಏನೋ. ಊಟದ ನಂತರದ ಕ್ಲಾಸಿರಬೇಕು.

ನಿನ್ನೆ ಎಪಿಎಂಸಿಯಲ್ಲಿ ಬಿತ್ತನೆ ಗಡ್ಡೆ ಕೇಳಿದೆ,
ಜಲಂಧರದಿಂದ ಲಾರಿಯಲ್ಲಿ ಬಂದ ಚೀಲ. ಎರಡು ಕೆಜಿ ಸಾಕು.
'ಎಷ್ಟು ಎಕರೆಗೆ ಮೇಡಂ?' ಎಂದ ಮಂಡಿಯವನು.
ಒಂದು ಕೋಣೆಗೆ, ಅಂದೆ.
ಅವನು ನಗಲಿಲ್ಲ. ತೂಗಿ, ಮೇಲೊಂದು
ಕೊಸರು ಹಾಕಿದ.

ಈಗ ಬರೆಯುತ್ತೇನೆ.
ಉದ್ದೇಶ: ಯಾವುದರ ಅರ್ಧ?
ಸಾಮಗ್ರಿ: ಗಡ್ಡೆ ಎರಡು ಕೆಜಿ, ಕೊಸರು ಒಂದು, ಬೂದಿ.
ಚಾಕು ನನ್ನ ಕೈಯಲ್ಲೇ ಇರಲಿ.
ಚಟುವಟಿಕೆ: ಆರನೇ ತರಗತಿಯಿಂದ ಮೋನಿಷಾಳನ್ನು
ಅರ್ಧ ಗಂಟೆ ಕಡ ಕೇಳುವುದು.
ಎಲ್ಲಿ ಕೊಯ್ಯಬೇಕೆಂದು ಅವಳು ತೋರಿಸಲಿ.
ಆ ಸೊನ್ನೆಯ ವಿಷಯ ಹೇಗೆ ಎತ್ತುವುದೋ
ಇನ್ನೂ ಹೊಳೆದಿಲ್ಲ.

ಮೌಲ್ಯಮಾಪನ ಖಾಲಿ ಬಿಟ್ಟಿದ್ದೇನೆ.
ಬೋರಲಿಂಗಪ್ಪನವರು ಕೇಳುತ್ತಾರೆ, ಕೇಳಲಿ:
ಶಾಲೆಯ ಹಿಂದೆ ಟ್ಯಾಂಕಿನ ಪಕ್ಕ ಎರಡು ಸಾಲು ಹೂಳುತ್ತೇವೆ ಸಾರ್,
ಮೂರು ವಾರ ಕಳೆದು ಬಂದು ನೋಡಿ.

ಕುಕ್ಕರ್ ಎಷ್ಟು ಸಲ ಕೂಗಿತೋ,
ಗಣಿತದ ಟೀಚರು, ಎಣಿಸಿಲ್ಲ.