ಲಾಭ, ಎರಡು, ಮೂರು

ಯರ್ರಿಸ್ವಾಮಿ ತನ್ನ ಮೆಡಿಕಲ್ ಶಾಪಿನ ಗಾಜಿನ ಮೇಲೆ
ಎರಡನ್ನೂ ಪಕ್ಕಪಕ್ಕ ಇಟ್ಟ.
ಡಬ್ಬಿ: ಅಲ್ಲಾಡಿಸಿದರೆ ಮರಳಿನ ಸದ್ದು.
ಹೈದರಾಬಾದಿನಿಂದ ತರಿಸಿದ ಪುಟ್ಟ ಬಾಟಲಿ:
ಅಲ್ಲಾಡಿಸಿದರೆ ಹಾಲಿನದೇ ಸದ್ದು.
“ಇದು ಪೌಡರ್, ನೀವು ಕಲಸ್ಬೇಕು.
ಇದು ರೆಡಿ. ಮುಚ್ಚಳ ತೆಗಿ, ನಿಪ್ಪಲ್ ಹಾಕು, ಕುಡಿಸು.”

ಎದೆ ಯಾಕೆ ಬತ್ತಿತೆಂದು ಕೇಳಲಿಲ್ಲ.
ಇಡೀ ಕೌಲ್ ಬಜಾರಿನಲ್ಲಿ ಕೇಳದೆ ಉಳಿದವನು
ಅವನೊಬ್ಬನೇ.

ನಾನು ಜೀನ್ಸಿಗೆ ಜೇಬು ಹೊಲಿಯುವವಳು,
ನನ್ನ ಲೆಕ್ಕವೆಲ್ಲ ಜೇಬಿನಲ್ಲಿ.
ಬಾಟಲಿಗೆ ಅರವತ್ತು ಜೇಬು, ಅದೂ ಒಂದು ಹೊತ್ತಿಗೆ.
ಡಬ್ಬಿಗೆ ನೂರೈವತ್ತು, ನಾಲ್ಕು ದಿನ ಬರುತ್ತದೆ.
ಇದರಲ್ಲಿ ಆರಿಸುವುದೇನು ಬಂತು ಅನ್ನುತ್ತೀರಿ.

ನೀರು ಬಂತು. ಅಂದರೆ, ಬರುವುದಿಲ್ಲ.
ಒಂಬತ್ತು ದಿನಕ್ಕೊಮ್ಮೆ ನಲ್ಲಿ ಗೊರಗೊರ ಕೆಮ್ಮಿ
ಮೊದಲು ಗಾಳಿ, ಆಮೇಲೆ ಕೆಂಪು, ಆಮೇಲೆ ನೀರು.
ಎಂಟನೆಯ ದಿನ ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು
ಸೋಸಿ, ಕುದಿಸಿ, ಆರಿಸಿ,
ಬೆಳಕಿಗೆ ಹಿಡಿದು, ಮತ್ತೆ ಕುದಿಸಿ.

ಇನ್ನು ಕೈ.
ನನ್ನ ಉಗುರಿನ ಸಂದಿ ಯಾವಾಗಲೂ ನೀಲಿ.
ನಿಂಬೆ ಹಚ್ಚಿದೆ, ಸೀಗೆಪುಡಿ ಹಚ್ಚಿದೆ.
ಎರಡು ಒಗೆತಕ್ಕೆ ಪ್ಯಾಂಟು ಬಿಡುವ ಬಣ್ಣ
ನನ್ನನ್ನು ಬಿಡುವುದಿಲ್ಲ.

ಡಬ್ಬಿ ತಂದೆ. ಕಲಸುವುದು ಸುಂಕಮ್ಮತ್ತೆಯ ಪಾಲಿಗೆ.

ವಾರ ಕಳೆಯುವುದರೊಳಗೆ ಎರಡು ತಿಂಗಳ ಕೂಸು
ಮುಖ ಕೆಂಪಗೆ ಮಾಡಿ ಮುಕ್ಕರಿಯತೊಡಗಿತು.
ಡಾಕ್ಟರಮ್ಮ ಕೇಳಿದಳು, ಎಷ್ಟು ಚಮಚ?
ಮೂರು.
ನೀರು?
ತೊಂಬತ್ತರ ಗೆರೆಗೆ.
ಮಟ್ಟಸ ಚಮಚ ತಾನೇ?

ಆ ರಾತ್ರಿ ಬಾಗಿಲ ಮರೆಯಲ್ಲಿ ನಿಂತು ನೋಡಿದೆ.
ಎಪಿಎಂಸಿ ಅಂಗಳದಲ್ಲಿ ಮೂವತ್ತು ವರ್ಷ
ಜೋಳ ಅಳೆದ ಕೈ ಅದು.
“ಲಾಭ” ಅಂದಳು, ಒಂದು ಅನ್ನಲಿಲ್ಲ.
ಚಮಚದ ಮೇಲೊಂದು ಗುಡ್ಡ.
“ಎರಡು.” ಗುಡ್ಡ.
“ಮೂರು.” ಗುಡ್ಡ.
ಕೊನೆಗೆ ಮೇಲೊಂದು ಚಿಟಿಕೆ, ಕೊಸರು.

ಅತ್ತೇ, ಗೀಟಿ ಹಾಕಬೇಕಂತ.
“ಗೀಟಿ ಅಳಿಯೋದು ಸೇಠಜಿ ಮಂದಿ.
ನನ್ನ ಮೊಮ್ಮಗಗ ನಾ ಗೀಟಿ ಹಾಕ್ಲೇನು?”

ಹೆಚ್ಚು ಕೊಟ್ಟದ್ದೇ ತಪ್ಪೆಂದು
ಒಂದು ಹನಿ ಕೊಡಲಾರದವಳು
ಯಾವ ಬಾಯಿಂದ ಹೇಳಲಿ?

ಮರುದಿನ ಯೂನಿಟ್ಟಿನಲ್ಲಿ ಮುಂಗಡ ಕೇಳಿ
ನೂರಿಪ್ಪತ್ತು ಜೇಬಿಗೆ ಎರಡು ಬಾಟಲಿ ತಂದೆ.
ಲಾಭವಿಲ್ಲದ, ಕೊಸರಿಲ್ಲದ ಹಾಲು.
ಕೂಸು ಅರ್ಧ ಕುಡಿದು ನಿದ್ದೆ ಹೋಯಿತು.
ಒಂದು ತಾಸಾದ ಮೇಲೆ ಚೆಲ್ಲಬೇಕು ಅಂದಿದ್ದ ಯರ್ರಿಸ್ವಾಮಿ.
ಅತ್ತೆ ಗಡಿಯಾರದ ಕೆಳಗೇ ಕೂತಳು.
ತಾಸಾಯಿತು. ಬಚ್ಚಲಿಗೆ ಹೋದಳು, ನಿಂತಳು,
ಉಳಿದ ಮೂವತ್ತು ಜೇಬನ್ನು ತಾನೇ ಕುಡಿದಳು.
“ಸಪ್ಪಗೈತಿ” ಅಂದಳು. “ಯಾರೂ ಕಲಸಿಲ್ಲ ನೋಡು.”

ಮತ್ತೆ ಡಬ್ಬಿ.
ಕೆಲಸದಿಂದ ಹೊಸದೊಂದು ಸ್ಟೀಲ್ ಸ್ಕೇಲು ತಂದು ಕುದಿಸಿದೆ.
ಜೇಬು ಒಂದು ನೂಲು ಹೆಚ್ಚಾದರೂ
ಮಾಲು ವಾಪಸ್ಸು ಬರುತ್ತೆ, ಅತ್ತೆ.
ಅವಳು ಸ್ಕೇಲನ್ನೇ ನೋಡಿದಳು.
ಗೀಟಿದ ಪುಡಿ ತಿರುಗಿ ಡಬ್ಬಿಯೊಳಗೆ ಬಿತ್ತು.
ಅದೂ ಅವನದೇ, ನಾಳೆಗೆ, ಅಂದೆ.

ಇನ್ನೊಂದು ಬಾಟಲಿ ಒಡೆದಿಲ್ಲ.
ನಲ್ಲಿ ಕೆಮ್ಮದ ಹತ್ತನೆಯ ದಿನಕ್ಕೆಂದು
ಹರವಿಯ ಕೆಳಗಿನ ಹಸಿ ಮರಳಲ್ಲಿ ಹೂತಿದೆ.
ತಂಪು ಜಾಗದಲ್ಲಿಡಿ ಎಂದು ಅದರ ಮೈಮೇಲಿದೆ.
ಓದಿ ಹೇಳಿದೆ. ಅತ್ತೆ ಕೇಳಿದಳು:
“ಬಳ್ಳಾರ್‍ಯಾಗ ಅದೆಲ್ಲೈತಿ ಅಂತ ಬರದಾರೇನು?”

ನಸುಕಿನ ನಾಲ್ಕಕ್ಕೆ ಕೂಸು ಎದ್ದಿತು.
ಕಣ್ಣು ಮುಚ್ಚಿಯೇ ಕೇಳಿಸಿಕೊಂಡೆ.
ಲಾಭ. ಸ್ಕೇಲು ಸರಿದ ಸದ್ದು.
ಎರಡು. ಸ್ಕೇಲು.
ಮೂರು. ಸ್ಕೇಲು.
ಆಮೇಲೆ ತುಸು ಹೊತ್ತು ಏನೂ ಇಲ್ಲ.

ನಾನು ಎದ್ದು ನೋಡಲಿಲ್ಲ.